ನೋವಿನ ಕಥೆ ಓದೋಣ, ಬರೆದವರನ್ನು ಕೇಳೋಣ

ನಾಲ್ಕನೇ, ಐದನೇ ತರಗತಿಯ ಮಕ್ಕಳಿಗೆ ಸಾವಿನ ಕಥೆ ಯಾಕೆ ಎನ್ನುವವರಿದ್ದಾರೆ. ಆದರೆ ಮನೆಯಲ್ಲಿ ಅಜ್ಜ ತೀರಿಕೊಂಡಾಗ, ಟಿವಿಯಲ್ಲಿ ಯುದ್ಧ ಕಂಡಾಗ ಅದೇ ಮಕ್ಕಳು ಎಷ್ಟೋ ಪ್ರಶ್ನೆಗಳನ್ನು ನುಂಗಿಕೊಂಡು ಸುಮ್ಮನಿರುತ್ತಾರೆ. ಒಳ್ಳೆಯ ಪುಸ್ತಕವೊಂದಿದ್ದರೆ ಆ ಪ್ರಶ್ನೆಗಳು ಹೊರಗೆ ಬರುತ್ತವೆ. ಹೊಸದಾಗಿ ಪ್ರಯತ್ನಿಸುವ ಶಿಕ್ಷಕರಿಗೆ ನನ್ನ ಆಯ್ಕೆ, ಎಲಿನಾರ್ ಕೋರ್ ಅವರ ‘ಸಡಾಕೊ ಅಂಡ್ ದ ಥೌಸಂಡ್ ಪೇಪರ್ ಕ್ರೇನ್ಸ್’ (1977).

ಹಂತ 1: ಮೊದಲು ನೀವೊಬ್ಬರೇ ಓದಿ ಮುಗಿಸಿ. ಎಲ್ಲಿ ನಿಮ್ಮ ಗಂಟಲು ಕಟ್ಟಿತೋ ಅಲ್ಲಿ ಗುರುತು ಹಾಕಿ. ಇತ್ತೀಚೆಗೆ ಯಾವ ಮಗುವಿನ ಮನೆಯಲ್ಲಿ ಸಾವಾಗಿದೆ, ಯಾರ ಮನೆಯವರು ಆಸ್ಪತ್ರೆಯಲ್ಲಿದ್ದಾರೆ ಎಂದು ವಿಚಾರಿಸಿಕೊಂಡು, ಆ ಪೋಷಕರಿಗೆ ಮುಂಚೆಯೇ ತಿಳಿಸಿ.

ಹಂತ 2: ನಡೆದದ್ದನ್ನು ನೇರವಾಗಿ ಹೇಳಿ. 1945ರ ಆಗಸ್ಟ್ 6, ಬೆಳಗ್ಗೆ 8.15. ಜಪಾನಿನ ಹಿರೋಶಿಮಾ ನಗರದ ಮೇಲೆ ಅಮೆರಿಕ ಅಣುಬಾಂಬ್ ಹಾಕಿತು. ಸಡಾಕೊ ಸಸಾಕಿಗೆ ಆಗ ಎರಡು ವರ್ಷ. ಗಾಯವಿಲ್ಲದೆ ಪಾರಾದವಳು ಬೆಳೆದು ಓಟದಲ್ಲಿ ಚುರುಕಾದಳು. 1955ರ ಫೆಬ್ರವರಿಯಲ್ಲಿ ರಕ್ತದ ಕ್ಯಾನ್ಸರ್ ಎಂದು ಆಸ್ಪತ್ರೆ ಸೇರಿದಳು. ಸಾವಿರ ಕಾಗದದ ಕೊಕ್ಕರೆ ಮಡಚಿದರೆ ಬೇಡಿಕೊಂಡದ್ದು ಈಡೇರುತ್ತದೆಂಬ ನಂಬಿಕೆ ಅಲ್ಲಿತ್ತು. ಔಷಧಿ ಸುತ್ತಿದ ಕಾಗದದಲ್ಲೂ ಮಡಚಿದಳು. ಅಕ್ಟೋಬರ್ 25ರಂದು, 12ನೇ ವಯಸ್ಸಿನಲ್ಲಿ ತೀರಿಕೊಂಡಳು. ‘ದೇವರ ಹತ್ತಿರ ಹೋದಳು’ ಎಂದು ತೇಲಿಸಬೇಡಿ. ಸತ್ತಳು ಎಂದೇ ಹೇಳಿ.

ಹಂತ 3: ದಿನಕ್ಕೆ ಒಂದೆರಡು ಅಧ್ಯಾಯದಂತೆ ಗಟ್ಟಿಯಾಗಿ ಓದಿ, ಇಂಗ್ಲಿಷ್ ಕಷ್ಟವಾದರೆ ಕನ್ನಡದಲ್ಲೇ ಹೇಳುತ್ತಾ ಹೋಗಿ. ಕೊನೆಯ ಅಧ್ಯಾಯವನ್ನು ಮಾತ್ರ ಬೆಳಗಿನ ಪೀರಿಯಡ್‌ಗೇ ಇಟ್ಟುಕೊಳ್ಳಿ. ಸಂಜೆ ಬೆಲ್ ಹೊಡೆಯುವ ಹೊತ್ತಿಗೆ ಮುಗಿಸಿದರೆ ಮಗು ಆ ಭಾರವನ್ನು ಒಬ್ಬಂಟಿಯಾಗಿ ಮನೆಗೆ ಹೊತ್ತೊಯ್ಯುತ್ತದೆ.

ಹಂತ 4: ಓದಿದ ಕೂಡಲೇ ‘ಈ ಕಥೆಯ ನೀತಿ ಏನು?’ ಎಂದು ದಯವಿಟ್ಟು ಕೇಳಬೇಡಿ. ಬರೆಯುವವರು ಬರೆಯಲಿ, ಚಿತ್ರ ಬಿಡಿಸುವವರು ಬಿಡಿಸಲಿ. ಅಳುವ ಮಗುವಿನ ಪಕ್ಕ ಹೋಗಿ ಕೂತರೆ ಸಾಕು.

ಹಂತ 5: ಲೇಖಕಿಗೆ ಪ್ರಶ್ನೆಗಳು. ಇಡೀ ಪಾಠದ ಜೀವ ಇಲ್ಲಿದೆ, ಅವಸರ ಬೇಡ. ಪುಸ್ತಕದಲ್ಲಿ ಸಡಾಕೊ 644 ಕೊಕ್ಕರೆ ಮಡಚಿ ಸಾಯುತ್ತಾಳೆ, ಉಳಿದ 356ನ್ನು ಗೆಳೆಯರು ಮಡಚುತ್ತಾರೆ. ಹಿರೋಶಿಮಾದ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯ ಹೇಳುವುದೇ ಬೇರೆ: ಅವಳು ಸಾವಿರ ದಾಟಿದ್ದಳು, ಆಮೇಲೂ ಮಡಚುತ್ತಲೇ ಇದ್ದಳು. ಎರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯಿರಿ. ‘ಮಿಸ್, ಹಾಗಾದ್ರೆ ಸುಳ್ಳು ಬರೆದ್ರಾ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರಿಸಲು ಹೋಗದೆ ಪ್ರಶ್ನೆಯನ್ನು ತರಗತಿಗೇ ಬಿಡಿ. ಸಾವಿರ ಮುಗಿಯದೆ ಸತ್ತದ್ದು ಹೆಚ್ಚು ನೋವೋ, ಮುಗಿಸಿದ ಮೇಲೂ ಸತ್ತದ್ದೋ? ಕಥೆಗಾರರು ಹೀಗೆ ಬದಲಿಸಬಹುದೇ? ಕೋರ್ 2010ರಲ್ಲಿ ತೀರಿಕೊಂಡರು. ಆದರೂ ಅವರಿಗೊಂದು ಪತ್ರ ಬರೆಯಿಸಿ. ಉತ್ತರ ಬಾರದ ಪತ್ರದಲ್ಲಿ ಮಕ್ಕಳು ಮುಚ್ಚುಮರೆಯಿಲ್ಲದೆ ಕೇಳುತ್ತಾರೆ.

ಹಂತ 6: ಮಡಚಬೇಕೆನಿಸಿದವರು ಕೊಕ್ಕರೆ ಮಡಚಲಿ. ಹಳೇ ಕ್ಯಾಲೆಂಡರನ್ನು ಚೌಕಾಕಾರಕ್ಕೆ ಕತ್ತರಿಸಿಕೊಂಡರಾಯಿತು. ಸಾವಿರದ ಗುರಿ ಬೇಡ, ಅದು ಹೋಮ್‌ವರ್ಕ್ ಆಗಿಬಿಡುತ್ತದೆ. ಸಹಪಾಠಿಗಳ ಪ್ರಯತ್ನದಿಂದ 1958ರಲ್ಲಿ ಹಿರೋಶಿಮಾದಲ್ಲಿ ಎದ್ದ ಮಕ್ಕಳ ಶಾಂತಿ ಸ್ಮಾರಕಕ್ಕೆ ಈಗಲೂ ವರ್ಷಕ್ಕೆ ಸುಮಾರು 1 ಕೋಟಿ ಕೊಕ್ಕರೆಗಳು ಬರುತ್ತವೆ ಎಂದು ತಿಳಿಸಿ.

ಹಂತ 7: ಇನ್ನು ಬದುಕಿರುವ ಲೇಖಕರು. ಮಕ್ಕಳು ಓದಿ ಮೆಚ್ಚಿದ ಕನ್ನಡ ಕಥೆಯೊಂದನ್ನು ಆರಿಸಿ, ಪ್ರಕಾಶಕರ ವಿಳಾಸಕ್ಕೆ, ಲೇಖಕರ ಹೆಸರಿಗೆ ಪತ್ರ ಹಾಕಿ. ‘ನಿಮ್ಮ ಕಥೆ ತುಂಬಾ ಚೆನ್ನಾಗಿದೆ’ ಎಂಬ ನಲವತ್ತು ಪತ್ರಗಳ ಬದಲು, ಎಲ್ಲರೂ ಸೇರಿ ಆರಿಸಿದ ನಾಲ್ಕೈದು ಪ್ರಶ್ನೆಗಳ ಒಂದೇ ಪತ್ರ ಸಾಕು. ಮಕ್ಕಳ ಕಾಗುಣಿತ ತಿದ್ದಿ, ಪ್ರಶ್ನೆಯನ್ನು ತಿದ್ದಬೇಡಿ. ಶಾಲೆಯ ವಿಳಾಸ ಬರೆದು ಸ್ಟಾಂಪ್ ಅಂಟಿಸಿದ ಇನ್ನೊಂದು ಕವರನ್ನು ಒಳಗಿಡಿ. ಉತ್ತರಕ್ಕೆ ತಿಂಗಳುಗಳೇ ಹಿಡಿಯಬಹುದು ಎಂದು ಪೋಸ್ಟ್ ಮಾಡುವ ದಿನವೇ ಮಕ್ಕಳಿಗೆ ಹೇಳಿಬಿಡಿ.