ನೆಟ್ ಕೂಡ ಕರೆಂಟಿನಂತೆ ಮೂಲಸೇವೆ ಆಗಲಿ: ರೈತರು ಯಾಕೆ ಕೇಳಬೇಕು?



ಆಲಿಕಲ್ಲು ಮಳೆಗೆ ಬೆಳೆ ನೆಲ ಹಿಡೀತು ಅಂದ್ಕೊಳ್ಳಿ. ಫಸಲ್ ಬಿಮಾದಲ್ಲಿ ಇಂಥ ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಆದರೆ ಅದೇ ಮಳೆಗೆ ಕರೆಂಟ್ ಹೋಗಿ, ಟವರಿನ ಬ್ಯಾಟರಿಯೂ ಮುಗಿದಿದ್ದರೆ? ಆ್ಯಪ್ ತೆರೆಯಲ್ಲ, ಕಾಲ್ ಕೂಡ ಹೋಗಲ್ಲ. ಗಡುವು ಮಾತ್ರ ಓಡ್ತಾನೇ ಇರುತ್ತೆ.

ಬೆಳೆ ಸಮೀಕ್ಷೆ, ಪಹಣಿ, ಪಿಎಂ ಕಿಸಾನ್ ಇ-ಕೆವೈಸಿ, ಮಾರುಕಟ್ಟೆ ದರ ಎಲ್ಲವೂ ಫೋನಿಗೆ ಬಂದಿವೆ. ನನ್ನಂಥ ಸಾವಯವ ಬೆಳೆಗಾರರಿಗಂತೂ ವಾಟ್ಸಾಪ್ ಗ್ರೂಪೇ ಸಂತೆ. ಹಾಗಾಗಿ ನೆಟ್ ಈಗ ಶೋಕಿಯಲ್ಲ. ನೀರು, ರಸ್ತೆ, ಕರೆಂಟಿನ ಸಾಲಿಗೆ ಸೇರಬೇಕಾದ ಸೇವೆ.

ಮೂಲಸೇವೆ ಅಂದರೇನು?

ಮೂರು ಲಕ್ಷಣ ಇರಬೇಕು. ಲಾಭ ಇರಲಿ ಬಿಡಲಿ, ಎಲ್ಲರಿಗೂ ಕೊಡಬೇಕು. ದರ ಕೈಗೆಟುಕಬೇಕು. ಕೆಟ್ಟರೆ ಗಡುವಿನೊಳಗೆ ಸರಿಮಾಡಬೇಕು.

ಕರೆಂಟಿನ ವಿಷಯದಲ್ಲಿ, ಟಿಸಿ ಸುಟ್ಟರೆ ಬದಲಿಸೋಕೆ ಕೆಇಆರ್‌ಸಿ ಗಡುವು ಹಾಕಿದೆ. ತಪ್ಪಿದರೆ ಪರಿಹಾರ ಕೇಳಬಹುದು. ನೆಟ್‌ಗೂ ಟ್ರಾಯ್ 2024ರಲ್ಲಿ ನಿಯಮ ತಂದಿದೆ: ಸೇವೆ 24 ಗಂಟೆಗಿಂತ ಹೆಚ್ಚು ನಿಂತರೆ ಬಿಲ್ಲಿನಲ್ಲಿ ಕಡಿತ ಅಥವಾ ಹೆಚ್ಚುವರಿ ವ್ಯಾಲಿಡಿಟಿ. ಆದರೆ ಅದರ ಲೆಕ್ಕ ಜಿಲ್ಲಾ ಮಟ್ಟದ್ದು. ನಿಮ್ಮೂರಿನ ಒಂದೇ ಟವರ್ ಮೂರು ದಿನ ಮಲಗಿದರೆ ಅದರಲ್ಲಿ ಬರಲ್ಲ. ನಾವು ದನಿ ಎತ್ತಬೇಕಾದ್ದು ಇಲ್ಲೇ.

ಕೇಬಲ್ ಎಲ್ಲಿಗೆ ನಿಂತಿದೆ?

ಕೇಂದ್ರ 2011ರಲ್ಲಿ ಒಪ್ಪಿದ ಯೋಜನೆಯೇ ಇವತ್ತಿನ ಭಾರತ್‌ನೆಟ್. ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಮುಟ್ಟಿಸೋದು ಗುರಿ. ಅಂದರೆ ಮುಖ್ಯ ನಾಲೆ ಪಂಚಾಯಿತಿ ಕಟ್ಟಡದ ತನಕ, ಅಲ್ಲಿಂದ ಮುಂದೆ ಹೊಲಗಾಲುವೆ ಎಷ್ಟೋ ಕಡೆ ಆಗಿಲ್ಲ.

2023ರಲ್ಲಿ ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಪಂಚಾಯಿತಿ ಕೇಂದ್ರ ಅಲ್ಲದ ಹಳ್ಳಿಗಳಿಗೂ ಫೈಬರ್ ಉಂಟು, ಆದರೆ ಬೇಡಿಕೆ ಬಂದರೆ ಮಾತ್ರ. ಕೇಳದ ಊರು ಹಿಂದೆ ಉಳಿಯುತ್ತೆ.

ಊರವರೇ ಸೇರಿ ಸೇವೆ ನಡೆಸೋದು ಹೊಸದೇನಲ್ಲ. ಬೆಳಗಾವಿ ಜಿಲ್ಲೆ ಹುಕ್ಕೇರಿಯಲ್ಲಿ 1969ರಲ್ಲಿ ಶುರುವಾದ ಸಹಕಾರ ಸಂಘ ಹಳ್ಳಿಗಳಿಗೆ ಕರೆಂಟ್ ಹಂಚುತ್ತಾ ಬಂದಿದೆ. ಪಂಚಾಯಿತಿಯಿಂದ ಮನೆಗೆ ನೆಟ್ ಹಂಚೋಕೂ ಈ ದಾರಿ ಯೋಚಿಸಬಹುದು.

ಈ ವಾರ ಏನು ಮಾಡಬಹುದು?

1. ಟ್ರಾಯ್‌ನ ಮೈಸ್ಪೀಡ್ ಆ್ಯಪ್‌ನಲ್ಲಿ ಮನೆ, ಹೊಲ ಎರಡೂ ಕಡೆ ವೇಗ ಅಳೆಯಿರಿ. ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳೋಕೆ ಕನಿಷ್ಠ 2 ಎಂಬಿಪಿಎಸ್ ಬೇಕು. ಸ್ಕ್ರೀನ್‌ಶಾಟ್ ಇಟ್ಕೊಳ್ಳಿ.

2. ನೆಟ್ ಹೋದಾಗಲೆಲ್ಲ ಕಂಪನಿಗೆ ದೂರು ಕೊಡಿ. ದೂರಿನ ನಂಬರ್, ದಿನಾಂಕ ಬರೆದಿಡಿ.

3. ಹತ್ತಿಪ್ಪತ್ತು ಮನೆಯವರು ಸೇರಿ ಗ್ರಾಮಸಭೆಯಲ್ಲಿ ಫೈಬರ್‌ಗೆ ಲಿಖಿತ ಬೇಡಿಕೆ ಇಡಿ. ಅದು ನಡಾವಳಿ ಪುಸ್ತಕದಲ್ಲಿ ದಾಖಲಾಗಲೇಬೇಕು.

4. ಅಲ್ಲಿಯ ತನಕ, ಬೆಳೆ ಹಾನಿಯಾದರೆ ನೆಟ್‌ಗೆ ಕಾಯಬೇಡಿ. ಫೋಟೊ ತೆಗೆದು, ಬ್ಯಾಂಕ್ ಅಥವಾ ಕೃಷಿ ಇಲಾಖೆಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸಿಗ್ನಲ್ ಸಿಕ್ಕ ಜಾಗದಿಂದ 14447ಕ್ಕೆ ಕರೆ ಮಾಡಿ.