ಲೆನಿನ್–ಕೌಟ್ಸ್ಕಿ ವಾದ: ಮಹಾಶಕ್ತಿಗಳ ಪೈಪೋಟಿ

ದೊಡ್ಡ ಆರ್ಥಿಕ ಶಕ್ತಿಗಳು ಕಾದಾಡುತ್ತವೆಯೋ, ಕೂಡಿ ಹಂಚಿಕೊಳ್ಳುತ್ತವೆಯೋ? ಎಡಪಂಥದೊಳಗೇ ಎರಡು ಮುಖ್ಯ ಉತ್ತರಗಳಿವೆ; ಮೂರನೆಯದು ನಂತರದ ಕಾಲದ್ದು.

1. ಕಾರ್ಲ್ ಕೌಟ್ಸ್ಕಿ (1914): 'ಅತಿ-ಸಾಮ್ರಾಜ್ಯಶಾಹಿ'. ಬಂಡವಾಳಶಾಹಿ ದೇಶಗಳು ಕೂಟ ಕಟ್ಟಿ ಲೋಕವನ್ನು ಒಟ್ಟಾಗಿ ಸುಲಿಯಬಹುದು.

2. ಲೆನಿನ್: ಸಾಮ್ರಾಜ್ಯಶಾಹಿ ಕುರಿತ ಕೃತಿ ಬರೆದದ್ದು 1916, ಪ್ರಕಟವಾದದ್ದು 1917. ದೇಶಗಳ ಬೆಳವಣಿಗೆ ಅಸಮ. ಬಲಾಬಲ ಬದಲಾದಂತೆ ಹಳೆಯ ಹಂಚಿಕೆ ಮುರಿದು ಕಾದಾಟ ಏಳುತ್ತದೆ. ಸಾಮ್ರಾಜ್ಯಶಾಹಿಯ ಐದು ಲಕ್ಷಣಗಳನ್ನು ಬಾಯಿಪಾಠ ಮಾಡಲೇಬೇಕು: ಏಕಸ್ವಾಮ್ಯ, ಹಣಕಾಸು ಬಂಡವಾಳ, ಬಂಡವಾಳದ ರಫ್ತು, ಅಂತರರಾಷ್ಟ್ರೀಯ ಏಕಸ್ವಾಮ್ಯ ಕೂಟಗಳು, ಭೂಭಾಗಗಳ ಹಂಚಿಕೆ ಮುಗಿದಿರುವುದು.

ಗಮನಿಸಿ: 1902ರಲ್ಲೇ ಸಾಮ್ರಾಜ್ಯಶಾಹಿಯ ಬಗ್ಗೆ ಬರೆದ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಹಾಬ್ಸನ್ ಉದಾರವಾದಿ, ಮಾರ್ಕ್ಸ್‌ವಾದಿಯಲ್ಲ.

3. ಜಿಯೊವಾನಿ ಅರಿಘಿ (1994): ಬಂಡವಾಳ ಸಂಚಯದ ಮುಂದಾಳತ್ವ ಒಂದು ಶಕ್ತಿಯಿಂದ ಇನ್ನೊಂದಕ್ಕೆ ದಾಟುತ್ತದೆ: ಜಿನೋವಾ, ಡಚ್, ಬ್ರಿಟನ್, ಅಮೆರಿಕ ಎಂಬ ನಾಲ್ಕು ಚಕ್ರಗಳು. ಅವರ 2007ರ ಕೃತಿ 'ಆಡಮ್ ಸ್ಮಿತ್ ಇನ್ ಬೀಜಿಂಗ್' ಚೀನಾದ ಏಳಿಗೆಯ ಕುರಿತದ್ದು.

ಚೀನಾದ ಏಳಿಗೆಯಿಂದ ಬಲಾಬಲ ಬದಲಾಗಿರುವುದರಿಂದ, 2018ರ ಅಮೆರಿಕ–ಚೀನಾ ಸುಂಕ ಸಮರವನ್ನು ವಿವರಿಸಲು ಲೆನಿನ್‌ನ ಅಸಮ ಬೆಳವಣಿಗೆಯ ವಾದವೇ ಹೆಚ್ಚು ನೆರವಾಗುತ್ತದೆ.