ಕುಂದಗೋಳದ ರೈಲು

ಅಕ್ಕಂದಿರೇ, ಗಂಗೂಬಾಯಿ ಹಾನಗಲ್ ಎಂಬ ಹೆಸರು ಕೇಳಿದ್ದೀರಲ್ಲ? ಅವರು ಬಾಳಿದ ಮನೆ ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿದೆ. ಮನೆಯ ಹೆಸರು ‘ಗಂಗಾಲಹರಿ’. ನಮ್ಮ ವಿದ್ಯಾನಗರದಿಂದ ಬಹಳ ದೂರವೇನಲ್ಲ.

ಅವರು ದೊಡ್ಡ ಗಾಯಕಿ. 1971ರಲ್ಲಿ ಪದ್ಮಭೂಷಣ ಬಂತು. 2002ರಲ್ಲಿ ಪದ್ಮವಿಭೂಷಣ ಬಂತು. ಆದರೆ ಇವತ್ತು ನಾವು ಓದೂದು ಪ್ರಶಸ್ತಿಯ ಸುದ್ದಿ ಅಲ್ಲ. ಅವರ ದಿನಚರಿಯ ಸುದ್ದಿ. ದಿನಚರಿ ಅಂದರೆ ದಿನಾ ತಪ್ಪದೇ ಮಾಡುವ ಕೆಲಸ.

ಗಂಗೂಬಾಯಿ ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ಸಾಲಿ ಕಲಿತದ್ದು ಐದನೆಯ ಇಯತ್ತೆಯವರೆಗೆ ಮಾತ್ರ. ಹಾಡುವ ಮನೆತನದ ಹುಡುಗಿ ಎಂದು ಜನ ಹಾದಿಯಲ್ಲಿ ಆಡಿಕೊಳ್ಳುತ್ತಿದ್ದರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದರು. ಮಗಳು ಹಿಂದೂಸ್ತಾನಿ ಸಂಗೀತ ಕಲಿಯತೊಡಗಿದಳು. ಅವಳ ಕಿವಿಗೆ ಬೇರೆ ಧಾಟಿ ಬೀಳಬಾರದು ಎಂದು ತಾಯಿ ತಮ್ಮ ಹಾಡನ್ನೇ ಬಿಟ್ಟರು. ಎಂಥ ತಾಯಿ ನೋಡ್ರಿ!

ಆ ತಾಯಿ 1932ರಲ್ಲಿ ತೀರಿಕೊಂಡರು. ಮಗಳಿಗೆ ಆಗ ಇಪ್ಪತ್ತು ತುಂಬಿರಲಿಲ್ಲ. ಮದುವೆಯಾಗಿತ್ತು. ಮುಂದೆ ಮನೆಯ ಖರ್ಚಿನ ಭಾರ ಹೆಚ್ಚಾಗಿ ಅವರ ಹಾಡಿನ ಮ್ಯಾಲೇ ಬಿತ್ತು. ಇಂಥ ಹೊತ್ತಿನಲ್ಲಿ ಕಲಿಯೂದು ಯಾಕೆ, ಬಂದಷ್ಟು ಹಾಡಿಕೊಂಡಿದ್ದರಾಯಿತು ಅಂತ ಯಾರಿಗಾದರೂ ಅನಿಸುತ್ತದೆ. ಅವರು ಹಾಗೆ ಮಾಡಲಿಲ್ಲ.

ಅವರ ಗುರುಗಳು ಸವಾಯಿ ಗಂಧರ್ವರು. ಅವರ ಊರು ಹುಬ್ಬಳ್ಳಿಯ ಹತ್ತಿರದ ಕುಂದಗೋಳ. 1930ರ ದಶಕದ ಕೊನೆಯಲ್ಲಿ ಗುರುಗಳು ಊರಿಗೆ ಬಂದು ನೆಲೆಸಿದರು. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗತೊಡಗಿದರು. ಪಾಠ ಕಲಿತು ಮತ್ತೆ ರೈಲು ಹತ್ತಿ ಮನೆಗೆ. ಮನೆಯಲ್ಲಿ ಮಕ್ಕಳು, ಒಲೆ, ಮುಸುರೆ ಎಲ್ಲಾ ಇದ್ದದ್ದೇ. ಪಾಠ ಮುಗಿಯೂದರಾಗ ಕತ್ತಲಾಗುತ್ತಿತ್ತು. ಅದೇ ಗುರುಗಳ ಹತ್ತಿರ ಕಲಿಯುತ್ತಿದ್ದ ಹುಡುಗ ಭೀಮಸೇನ ಜೋಶಿ ಅವರನ್ನು ಸ್ಟೇಷನ್ನಿನ ತನಕ ಬಿಟ್ಟು ಬರುತ್ತಿದ್ದರಂತೆ. ಮುಂದೆ ಅವರೂ ಲೋಕಕ್ಕೆ ಹೆಸರಾದರು.

ಗುರುಗಳು ಬಹಳ ಕಲಿಸುತ್ತಿರಲಿಲ್ಲ. ಒಂದೇ ತುಣುಕನ್ನು ಮತ್ತೆ ಮತ್ತೆ ಹಾಡಿಸುತ್ತಿದ್ದರು. ಸರಿ ಬರುವ ತನಕ ಮುಂದಿನ ಮಾತಿಲ್ಲ. ನಾವು ‘ಕ್ಷ’ ಅಕ್ಷರ ತಿದ್ದುವಾಗ ಬೇಸರ ಮಾಡಿಕೊಳ್ಳುತ್ತೇವೆ, ಹೌದಲ್ಲೋ?

ಆಮ್ಯಾಲೆ ಇನ್ನೊಂದು ಪೆಟ್ಟು. ಗಂಟಲಿಗೆ ಚಿಕಿತ್ಸೆಯಾಯಿತು. ಮೊದಲಿನ ತೆಳು ಧ್ವನಿ ಹೋಗಿ ಗಡಸು ಧ್ವನಿ ಬಂತು. ಗಂಡಸರ ಧ್ವನಿಯ ಹಾಗೆ. ಹಾಡಿ ಬದುಕುವವರಿಗೆ ಧ್ವನಿ ಹೋದರೆ ರೈತನಿಗೆ ಹೊಲ ಹೋದಂತೆ. ಗಂಗೂಬಾಯಿ ಬಂದ ಧ್ವನಿಯನ್ನೇ ಪಳಗಿಸಿದರು. ಜನ ಇವತ್ತಿಗೂ ನೆನೆಯೂದು ಆ ಗಡಸು ಧ್ವನಿಯನ್ನೇ.

ಇದರಲ್ಲಿ ನಮಗೆ ಬೇಕಾದ ಒಂದು ಸಂಗತಿ ಇದೆ. ರೈಲು ಯಾರಿಗೂ ಕಾಯೂದಿಲ್ಲ. ಮನಸ್ಸು ಬಂದಾಗ ಹೋಗುತ್ತೇನೆ ಅಂದರೆ ರೈಲು ತಪ್ಪುತ್ತದೆ. ಗಂಡ ತೀರಿಕೊಂಡಾಗ, ದೊಡ್ಡ ಜಡ್ಡು ಬಂದು ಎದ್ದಾಗ, ಮನೆ ಮುರಿದಾಗ ಮನಸ್ಸು ಬರೂದೇ ಇಲ್ಲ. ಹಾಸಿಗೆಯಿಂದ ಏಳೂದೇ ಕಷ್ಟ. ಆಗ ಮನಸ್ಸನ್ನು ಕೇಳಬಾರದು. ದಿನಾ ತಪ್ಪದೇ ಬರುವ ಯಾವುದಾದರೂ ಒಂದಕ್ಕೆ ನಿಮ್ಮ ಕೆಲಸ ಕಟ್ಟಿರಿ. ಹಾಲಿನವನು ಬಂದ ಕೂಡಲೇ ಅಂಗಳ ಕಸ ಹೊಡೆಯೂದು. ಸಾಲಿಯ ಗಂಟೆ ಹೊಡೆದಾಗ ಹೊಲಿಗೆಗೆ ಕೂಡ್ರೂದು. ಗುಡಿಯ ಗಂಟೆಯೋ ಮಸೀದಿಯ ಬಾಂಗೋ ಕೇಳಿದಾಗ ಪುಸ್ತಕ ತೆಗೆಯೂದು. ನಲ್ಲಿ ನೀರಿಗೆ ಮಾತ್ರ ಕಟ್ಟಬ್ಯಾಡ್ರಿ! ನಮ್ಮ ಹುಬ್ಬಳ್ಳಿಯ ಎಷ್ಟೋ ಓಣಿಗಳಲ್ಲಿ ಅದು ದಿನಾ ಬರೂದಿಲ್ಲ.

ಮೊದಲು ಒಂದೇ ಕೆಲಸ ಸಾಕು. ಅರ್ಧ ತಾಸು ಸಾಕು. ಒಂದು ದಿನ ತಪ್ಪಿತೇ? ತಪ್ಪಲಿ. ಕೂಸಿಗೆ ಜ್ವರ ಬಂದರೆ ಪುಸ್ತಕ ಹಿಡಿಯಲಾದೀತೇ? ಮರುದಿನ ಎರಡು ಪಟ್ಟು ಮಾಡಲು ಹೋಗಬ್ಯಾಡ್ರಿ. ಅದೇ ಹೊತ್ತಿಗೆ ಕೂತರಾಯಿತು.

ದಿನಚರಿಯಿಂದ ಸಾಲ ತೀರೂದಿಲ್ಲ. ಹೋದವರು ಬರೂದಿಲ್ಲ. ನಾನು ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಆದರೆ ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಅನ್ನೂದು ರಾತ್ರಿಯೇ ಗೊತ್ತಿರುತ್ತದೆ. ಅದು ಸಣ್ಣ ಮಾತಲ್ಲ.

ಗಂಗೂಬಾಯಿಯವರಿಗೆ ಇಳಿವಯಸ್ಸಿನಲ್ಲಿ ಕ್ಯಾನ್ಸರ್ ಬಂತು. ಅದರಿಂದಲೂ ಎದ್ದರು. 2004ರಲ್ಲಿ ಮಗಳು ಕೃಷ್ಣಾ ತೀರಿಕೊಂಡರು. ಎಷ್ಟೋ ವರ್ಷ ತಾಯಿಯ ಹಿಂದೆ ಕೂತು ಹಾಡಿದ ಮಗಳು. ಅದಾದ ಮ್ಯಾಲೆ, 2006ರಲ್ಲಿ, ತೊಂಬತ್ತಮೂರರ ಆ ಮುದುಕಿ ಮತ್ತೆ ವೇದಿಕೆಯ ಮೇಲೆ ಕೂತು ಹಾಡಿದರು. ಅದೇ ಅವರ ಕೊನೆಯ ಕಛೇರಿ. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಕಣ್ಣು ದಾನ ಮಾಡಿದ್ದರು.

ಈಗ ಪಾಟಿ ತೆಗೆಯಿರಿ. ನಿಮ್ಮ ಮನೆಯಲ್ಲಿ ದಿನಾ ತಪ್ಪದೇ ಕೇಳುವ ಸಪ್ಪಳ ಯಾವುದು? ಬರೆಯಿರಿ. ಅದರ ಮುಂದೆ ನೀವು ಮಾಡಬೇಕೆಂದಿರುವ ಕೆಲಸದ ಹೆಸರು ಬರೆಯಿರಿ. ನಾಳೆ ಬಂದಾಗ ಎಲ್ಲರಿಗೂ ಓದಿ ಹೇಳಿರಿ.